ಹೊಸ ಜಿಆರ್86 ಎಷ್ಟು ಇಳಿಸಬಹುದು? ಮೊದಲು ಒಂದು ಝಿಪ್ ಟೈ ಕಟ್ಟಿ ನೋಡಿ

ಪ್ರಶ್ನೆ: ಸರ್, ನಾನು ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಮೂರು ತಿಂಗಳ ಹಿಂದೆ ಟೊಯೊಟ ಜಿಆರ್86 ತಗೊಂಡೆ. 2025ರ ಮಾಡೆಲ್, ಪ್ರೀಮಿಯಂ, ಮ್ಯಾನುಯಲ್ ಗೇರ್, ಪರ್ಫಾರ್ಮೆನ್ಸ್ ಪ್ಯಾಕೇಜ್ ಇಲ್ಲ. ಕಾರು ತುಂಬಾ ಇಷ್ಟ. ಆದರೆ ಟೈರಿಗೂ ಫೆಂಡರಿಗೂ ನಡುವಿನ ಗ್ಯಾಪ್ ನೋಡಿದರೆ ಬೇಜಾರಾಗುತ್ತೆ. ಒಂದೂವರೆ ಇಂಚು ಇಳಿಸೋ ಆಸೆ. ಸ್ನೇಹಿತನೊಬ್ಬ 900 ಡಾಲರಿನ ಕಾಯಿಲೋವರ್, ಅಂದರೆ ಎತ್ತರ ಏರಿಸಿಳಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್, ಹಾಕಿಸು ಅಂತಾನೆ. ಗ್ಯಾರೇಜಿನವರು 300 ಡಾಲರಿನ ಸ್ಪ್ರಿಂಗ್ ಸಾಕು ಅಂತಾರೆ. ಟ್ರ್ಯಾಕಿಗೆ ಹೋಗಲ್ಲ. ದಿನಾ ಆಫೀಸು, ವಾರಾಂತ್ಯಕ್ಕೆ ಹೆಂಡತಿ ಜೊತೆ ಲಾಂಗ್ ಡ್ರೈವ್. ಚಳಿಗಾಲದಲ್ಲೂ ಇದೇ ಕಾರು. ವಾರಂಟಿ ಹೋಗುತ್ತಾ? ಇನ್ನೊಂದು, ಬೆಂಗಳೂರಲ್ಲಿರೋ ತಮ್ಮನೂ ತನ್ನ ಕಾರು ಇಳಿಸ್ತೀನಿ ಅಂತ ಹಟ ಹಿಡಿದಿದ್ದಾನೆ. ಅವನಿಗೇನು ಹೇಳಲಿ?

ಉತ್ತರ: ಸುತ್ತಿ ಬಳಸಿ ಹೇಳಲ್ಲ. ಒಂದೂವರೆ ಇಂಚು ಬೇಡ. ಮುಕ್ಕಾಲು ಇಂಚಿನಿಂದ ಒಂದು ಇಂಚು, ಅಂದರೆ 20ರಿಂದ 25 ಮಿ.ಮೀ., ನಿಮ್ಮ ಬಳಕೆಗೆ ಅಲ್ಲಿಗೇ ನಿಲ್ಲಿಸಿ. 900 ಡಾಲರಿನ ಕಾಯಿಲೋವರ್ ಖಂಡಿತ ಬೇಡ. ಮತ್ತೆ ಈ ಚಳಿಗಾಲ ಮುಗಿಯೋವರೆಗೆ ಏನನ್ನೂ ಬಿಚ್ಚಬೇಡಿ. ಕೊನೆಯ ಮಾತು ನಿಮಗೆ ಹಿಡಿಸಲ್ಲ ಅಂತ ಗೊತ್ತು. ಹೊಸ ಕಾರಿನ ಹುರುಪು ನನಗೂ ಇತ್ತು.

ಫೆಂಡರ್ ಕೆಳಗೆ ನಿಮಗೆ ಕಾಣೋದು ಗ್ಯಾಪ್. ನನ್ನ ಕಣ್ಣಿಗೆ ಕಾಣೋದು ಟ್ರಾವೆಲ್. ಗುಂಡಿ ಸಿಕ್ಕಾಗ ಚಕ್ರ ಮೇಲಕ್ಕೆ ಹೋಗೋಕೆ ಬಿಟ್ಟಿರೋ ಜಾಗ ಅದು. ಶಾಕ್ ಅಬ್ಸಾರ್ಬರಿನ ಕಂಬಿಯ ಮೇಲ್ತುದಿಯಲ್ಲಿ ಬಂಪ್ ಸ್ಟಾಪ್ ಅಂತ ಒಂದು ಸ್ಪಂಜಿನಂಥ ತುಂಡು ಇರುತ್ತೆ. ಚಕ್ರ ತೀರಾ ಮೇಲೆ ಬಂದಾಗ ಶಾಕಿನ ಮೈ ಹೋಗಿ ಅದಕ್ಕೆ ಒತ್ತಿಕೊಳ್ಳುತ್ತೆ. ಕಾರು ನಿಂತಿದ್ದಾಗ ಆ ಎರಡರ ನಡುವೆ ಎಷ್ಟು ಜಾಗ ಇದೆಯೋ ಅಷ್ಟೇ ನಿಮ್ಮ ಉಳಿತಾಯ. ಸ್ಪ್ರಿಂಗ್ ಬದಲಿಸಿ ಕಾರನ್ನ ಒಂದು ಇಂಚು ಇಳಿಸಿದರೆ ಆ ಉಳಿತಾಯದಿಂದ ಒಂದು ಇಂಚು ತೆಗೆದ ಹಾಗೆ. ಫೋಟೋದಲ್ಲಿ ಇದು ಕಾಣಲ್ಲ. ಫೆಬ್ರವರಿಯಲ್ಲಿ, ರಸ್ತೆ ಒಡೆದು ಹೋದಾಗ, ಬೆನ್ನಿಗೆ ಗೊತ್ತಾಗುತ್ತೆ.

ನಿಮ್ಮ ಕಾರಿನಲ್ಲಿ ಎಷ್ಟು ಉಳಿತಾಯ ಇದೆ ಅಂತ ನೋಡೋಕೆ ದುಬಾರಿ ಯಂತ್ರ ಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯ ಒಂದು ತೆಳು ಝಿಪ್ ಟೈ, ಅಂದರೆ ವೈರ್ ಕಟ್ಟೋ ಪ್ಲಾಸ್ಟಿಕ್ ಪಟ್ಟಿ, ಸಾಕು. ಮುಂದಿನ ಚಕ್ರ ಬಿಚ್ಚಿ. ಶಾಕಿನ ಮೇಲಿನ ರಬ್ಬರ್ ಬೂಟನ್ನ ಮೇಲಕ್ಕೆ ಸರಿಸಿ ಕಟ್ಟಿ. ಹೊಳೆಯೋ ಕಂಬಿ ಕಾಣುತ್ತೆ. ಅದಕ್ಕೆ ಟೈ ಸುತ್ತಿ ಎಳೆಯಿರಿ. ಬೆರಳಲ್ಲಿ ನೂಕಿದರೆ ಜಾರಬೇಕು, ಬಿಟ್ಟರೆ ನಿಲ್ಲಬೇಕು, ಅಷ್ಟೇ ಬಿಗಿ. ಆಮೇಲೆ ಅದನ್ನ ಕೆಳಗೆ ಶಾಕಿನ ಮೈಗೆ ತಾಗೋವರೆಗೆ ಇಳಿಸಿ. ಚಕ್ರ ಹಾಕಿ, ಕಾರನ್ನ ನೆಲಕ್ಕಿಳಿಸಿ, ಸ್ವಲ್ಪ ಮುಂದೆ ಹಿಂದೆ ಓಡಿಸಿ ನಿಲ್ಲಿಸಿ. ಟೈ ಮತ್ತೆ ಮೈಗೆ ತಾಗಿಕೊಂಡಿರಲಿ. ಈಗ ಸ್ಟೀರಿಂಗನ್ನ ಪೂರ್ತಿ ತಿರುಗಿಸಿ, ಫೋನನ್ನ ಒಳಗೆ ತೂರಿಸಿ, ಮೈಯಿಂದ ಬಂಪ್ ಸ್ಟಾಪಿಗೆ ಎಷ್ಟು ದೂರ ಅಂತ ಅಳತೆಪಟ್ಟಿ ಇಟ್ಟು ಫೋಟೋ ತೆಗೀರಿ. ಒಂದು ವಾರ ನಿಮ್ಮ ಮಾಮೂಲಿ ದಾರಿಯಲ್ಲೇ ಓಡಾಡಿ. ಗುಂಡಿ ಹುಡುಕಿಕೊಂಡು ಹೋಗಬೇಡಿ, ಗುಂಡಿ ತಪ್ಪಿಸೋಕೂ ಹೋಗಬೇಡಿ.

ವಾರ ಕಳೆದು ನೋಡಿದರೆ ಟೈ ಮೇಲಕ್ಕೆ ಹೋಗಿ ಕೂತಿರುತ್ತೆ. ಅದು ಎಷ್ಟು ಹೋಗಿದೆಯೋ ಅಷ್ಟು ಟ್ರಾವೆಲ್ ನೀವು ಬಳಸಿದ್ದೀರಿ. ಇನ್ನೂ 30 ಮಿ.ಮೀ. ಖಾಲಿ ಇದ್ದರೆ 20 ಇಳಿಸೋದಕ್ಕೆ ಹೆದರಬೇಕಿಲ್ಲ. ಟೈ ಈಗಲೇ ಬಂಪ್ ಸ್ಟಾಪಿನ ಹೊಟ್ಟೆಗೆ ಒತ್ತಿಕೊಂಡಿದ್ದರೆ, ನಿಮ್ಮ ದಾರಿ ಸ್ಟಾಕ್ ಕಾರಿಗೇ, ಅಂದರೆ ಕಂಪನಿಯಿಂದ ಬಂದ ಹಾಗೇ ಇರೋ ಕಾರಿಗೇ, ಬಿಗಿಯಾಗಿದೆ ಅಂತ ಅರ್ಥ. ಆಗ ಯಾವ ಅಂಗಡಿಯವನು ಏನೇ ಹೇಳಿದರೂ ಇಳಿಸೋ ಲೆಕ್ಕ ಬದಲಾಗುತ್ತೆ. ಚಳಿಗಾಲ ಮುಗಿಯಲಿ ಅಂದಿದ್ದೂ ಇದಕ್ಕೇ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗಿ, ಕರಗಿ, ಮತ್ತೆ ಹೆಪ್ಪುಗಟ್ಟಿ ನಿಮ್ಮೂರ ರಸ್ತೆಯನ್ನ ಕೀಳುತ್ತೆ. ಆಗಸ್ಟಿನ ಅಳತೆಗೂ ಮಾರ್ಚಿನ ಅಳತೆಗೂ ತಾಳೆಯಾಗಲ್ಲ.

ನಾನು ಇದನ್ನ ಕಲಿತಿದ್ದು ತಲೆ ಕೆಟ್ಟ ರೀತಿಯಲ್ಲಿ. ಕಾಲೇಜು ಮುಗಿದ ವರ್ಷ ಬೆಂಗಳೂರಲ್ಲಿ ಒಂದು ಹಳೇ ಮಾರುತಿ ಝೆನ್ ಇತ್ತು. ಸ್ಪ್ರಿಂಗ್ ತಗೊಳ್ಳೋಕೆ ದುಡ್ಡಿಲ್ಲ. ಗ್ರೈಂಡರಿನಲ್ಲಿ ಒಂದೂವರೆ ಸುತ್ತು ಕತ್ತರಿಸಿದೆವು. ನಿಂತಾಗ ಏನು ಚೆಂದ ಅಂತೀರಿ! ಮೂರನೇ ದಿನ ಹಂಪ್ ಇಳಿಯುವಾಗ ಹಿಂದಿನ ಸ್ಪ್ರಿಂಗ್ ಸೀಟಿನಿಂದ ಜಾರಿ ಸೊಟ್ಟಗೆ ಕೂತಿತು. ಚಕ್ರ ಪೂರ್ತಿ ಕೆಳಗೆ ಜೋತಾಗ ತುಂಡಾದ ಸ್ಪ್ರಿಂಗಿಗೆ ಅಷ್ಟು ಉದ್ದವೇ ಇರಲಿಲ್ಲ, ಸಡಿಲವಾಗಿ ನಿಂತಿತ್ತು. ಅದೇ ವಾರ ಚೇಂಬರೂ (ಎಂಜಿನ್ ತಳದ ಆಯಿಲ್ ತೊಟ್ಟಿ) ನೆಲಕ್ಕೆ ಬಡಿದು ಆಯಿಲ್ ಸೋರಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ನೀವು ಗ್ರೈಂಡರ್ ಹಿಡಿಯಲ್ಲ ಅಂತ ಗೊತ್ತು, ಆದರೂ ಹೇಳಿಬಿಟ್ಟೆ.

ಈಗ ಸ್ಪ್ರಿಂಗಿನ ಲೆಕ್ಕ. ನಿಮ್ಮ ಕಾರಿನ ಮುಂದಿನ ಸ್ಪ್ರಿಂಗನ್ನ ಒಂದು ಮಿ.ಮೀ. ಒತ್ತೋಕೆ 28 ನ್ಯೂಟನ್ ಬೇಕು, ಹಿಂದಿನದಕ್ಕೆ 39. ಇದೇ ಕಾರಿನ ಅಣ್ಣತಮ್ಮ ಸುಬಾರು ಬಿಆರ್‌ಝಡ್‌ನಲ್ಲಿ ಮುಂದೆ 30, ಹಿಂದೆ 35. ಎರಡೂ ಒಂದೇ ಗುನ್ಮಾ ಕಾರ್ಖಾನೆಯಲ್ಲಿ ತಯಾರಾಗೋ ಕಾರುಗಳು. ಆದರೂ ಇಂಥ ಸಣ್ಣ ಸಣ್ಣ ವ್ಯತ್ಯಾಸಗಳಿಂದ ಟೊಯೊಟದ ಬಾಲ ಜಾಸ್ತಿ ಚುರುಕು ಅಂತ ಓಡಿಸಿದವರು ಹೇಳ್ತಾರೆ. ಎರಡು ನಾಲ್ಕು ನ್ಯೂಟನ್ ಕೂಡ ಕಾರಿನ ಸ್ವಭಾವವನ್ನ ಮುಟ್ಟುತ್ತೆ ಅಂದರೆ ಅಂಗಡಿ ಸ್ಪ್ರಿಂಗ್ ಕೊಳ್ಳುವಾಗ ಎಷ್ಟು ಇಳಿಯುತ್ತೆ ಅಂತ ಮಾತ್ರ ಕೇಳಿದರೆ ಸಾಲದು. ಮುಂದೆ ಎಷ್ಟು ಗಟ್ಟಿ, ಹಿಂದೆ ಎಷ್ಟು ಗಟ್ಟಿ ಅಂತ ಕೇಳಿ. ಹೇಳೋಕೆ ಬರದ ಅಂಗಡಿಯಲ್ಲಿ ಕೊಳ್ಳಬೇಡಿ.

ಕಾಯಿಲೋವರ್ ಮಾರೋರು ಕೆಜಿ ಲೆಕ್ಕದಲ್ಲಿ ಮಾತಾಡ್ತಾರೆ. ನಿಮ್ಮ ಸ್ಟಾಕ್ ಮುಂದಿನ ಸ್ಪ್ರಿಂಗ್ ಆ ಲೆಕ್ಕದಲ್ಲಿ ಮಿ.ಮೀ.ಗೆ 2.9 ಕೆಜಿ. ಅಗ್ಗದ ಕಿಟ್‌ಗಳಲ್ಲಿ 6, 7 ಕೆಜಿ ಸ್ಪ್ರಿಂಗ್ ಮಾಮೂಲು. 7 ಅಂದರೆ ಸುಮಾರು ಎರಡೂವರೆ ಪಟ್ಟು. ಈಗ ಕಾರಿನ ಮೂತಿ ಒಂದು ಅಲೆ ದಾಟಿದಾಗ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದೂವರೆ ಸಲ ಏರಿಳಿಯೋ ಲಯದಲ್ಲಿದೆ. 7 ಕೆಜಿ ಹಾಕಿದರೆ ಅದು ಎರಡೂಕಾಲರ ಆಸುಪಾಸಿಗೆ ಹೋಗುತ್ತೆ. ಟ್ರ್ಯಾಕಿನ ನುಣ್ಣನೆ ಡಾಂಬರಿನ ಮೇಲೆ ಅದು ಸುಖ. ಕಾಂಕ್ರೀಟ್ ಚಪ್ಪಡಿಗಳ ಹೈವೇ ಮೇಲೆ, ಕೈಯಲ್ಲಿ ಕಾಫಿ ಲೋಟ ಹಿಡಿದ ಹೆಂಡತಿ ಪಕ್ಕದಲ್ಲಿ ಕೂತಿರುವಾಗ, ಅಲ್ಲ.

ಹಾಗಂತ ಗಟ್ಟಿ ಸ್ಪ್ರಿಂಗ್ ಯಾಕೆ ಹಾಕ್ತಾರೆ? ಸುಮ್ನೆ ಅಲ್ಲ. ಟ್ರಾವೆಲ್ ಕಮ್ಮಿಯಾದಾಗ ಬಂಪ್ ಸ್ಟಾಪಿಗೆ ಬಡಿಯದಿರಲಿ ಅಂತ. ಅಂದರೆ ಇಳಿಸೋದೂ ಗಟ್ಟಿ ಮಾಡೋದೂ ಜೋಡೆತ್ತು. ಒಂದನ್ನ ಬಿಟ್ಟು ಇನ್ನೊಂದು ನಡೆಯಲ್ಲ. "ಎರಡಿಂಚು ಇಳಿಸಿದೀನಿ, ಸ್ಟಾಕ್ ಥರಾನೇ ಮೆತ್ತಗಿದೆ" ಅಂತ ಯಾರಾದರೂ ಹೇಳಿದರೆ ಅವರ ಕಾರು ಬಂಪ್ ಸ್ಟಾಪ್ ಮೇಲೆ ಕೂತು ಸವಾರಿ ಮಾಡ್ತಿದೆ, ಅವರಿಗೆ ಗೊತ್ತಾಗಿಲ್ಲ.

ಗ್ಯಾರೇಜಿನವರು ಹೇಳಿದ ಸ್ಪ್ರಿಂಗ್ ಮಾತ್ರ ಹಾಕೋ ದಾರಿ ಅರ್ಧ ಸರಿ. ಐಬಾಖ್, ಎಚ್ ಆಂಡ್ ಆರ್, ಆರ್‌ಎಸ್‌ಆರ್ ಥರದ ಹೆಸರುವಾಸಿ ಕಂಪನಿಗಳ ಸೌಮ್ಯ ಸ್ಪ್ರಿಂಗ್ ನಿಮ್ಮ ಸ್ಟಾಕಿಗಿಂತ ಶೇ. 20-25 ಗಟ್ಟಿ ಇದ್ದರೆ ಅದನ್ನ ಹಿಡಿದಿಡೋಕೆ ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ಶೇ. 10-12 ಜಾಸ್ತಿ ಜೋರಿರಬೇಕು. ಹೊಸ ಸ್ಟಾಕ್ ಡ್ಯಾಂಪರ್ ಅಷ್ಟನ್ನ ಸಹಿಸಿಕೊಳ್ಳುತ್ತೆ. ಆದರೆ ಅದು ಸ್ಟಾಕ್ ಎತ್ತರಕ್ಕೆ ಅಂತ ಮಾಡಿದ ಡ್ಯಾಂಪರ್. ಒಳಗಿನ ಪಿಸ್ಟನ್ ಯಾವಾಗಲೂ ಒಂದು ಇಂಚು ಕೆಳಗೇ ಓಡಾಡಬೇಕು. ಬೇಗ ಸುಸ್ತಾಗುತ್ತೆ. ಎಷ್ಟು ಬೇಗ ಅನ್ನೋದು ರಸ್ತೆ ನೋಡಿ.

ನನ್ನ ಕೈಗೆ ಬಿಟ್ಟರೆ ಸ್ಪ್ರಿಂಗ್ ಮತ್ತು ಅದಕ್ಕೆಂದೇ ಮಾಡಿದ ಗಿಡ್ಡ ಡ್ಯಾಂಪರ್, ಎರಡನ್ನೂ ಒಟ್ಟಿಗೆ ಹಾಕಿಸ್ತೀನಿ. ಬಿಲ್‌ಸ್ಟೈನ್‌ನವರ ಹೆಸರಿಡೋ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುತ್ತೆ: ಬಿ6 ಅಂದರೆ ಸ್ಟಾಕ್ ಎತ್ತರಕ್ಕೆ, ಬಿ8 ಅಂದರೆ ಇಳಿಸಿದ ಕಾರಿಗೆ ಗಿಡ್ಡ ಮಾಡಿದ್ದು. ಬಿ6 ಹಾಕಿ ಕಾರು ಇಳಿಸೋದು, ಬಿ8 ಹಾಕಿ ಇಳಿಸದೇ ಇರೋದು, ಎರಡೂ ತಪ್ಪು. ಬೇರೆ ಕಂಪನಿ ಆದರೂ ಇದೇ ಪ್ರಶ್ನೆ ಕೇಳಿ. ನಿಮ್ಮ ಚಾಸಿಸ್ ಕೋಡ್ ಝಡ್‌ಎನ್8. ಹಳೇ ತಲೆಮಾರಿನದು ಝಡ್‌ಎನ್6. "ಅದೂ ಆಗುತ್ತೆ ಬಿಡಿ" ಅನ್ನೋ ಮಾತನ್ನ ಅಂಗಡಿಯವನಿಂದ ಕೇಳಬೇಡಿ, ತಯಾರಕರ ಪಟ್ಟಿಯಲ್ಲಿ ಝಡ್‌ಎನ್8 ಅಂತ ಬರೆದಿದೆಯಾ ನೋಡಿ.

ಕಾಯಿಲೋವರ್ ಕೆಟ್ಟದ್ದು ಅಂತ ಹೇಳ್ತಿಲ್ಲ. ಓಲಿನ್ಸ್, ಕೆಡಬ್ಲ್ಯು ಥರದವು ಸ್ಟಾಕಿಗಿಂತ ಚೆನ್ನಾಗಿ ಓಡ್ತವೆ, ನಾನೇ ಓಡಿಸಿ ನೋಡಿದೀನಿ. ಆದರೆ ಆ ದುಡ್ಡು ಹೋಗೋದು ಡ್ಯಾಂಪರಿನ ಒಳಗಿನ ವಾಲ್ವಿಗೆ. ಎತ್ತರ ಏರಿಸಿಳಿಸೋ ಚೂಡಿಗೆ (ಸ್ಕ್ರೂ ಥ್ರೆಡ್ಡಿಗೆ) ಅಲ್ಲ. 900 ಡಾಲರಿನ ಕಿಟ್‌ನಲ್ಲಿ ಚೂಡಿ ಇರುತ್ತೆ, 32 ಕ್ಲಿಕ್ಕಿನ ನಾಬ್ ಇರುತ್ತೆ, ಬಣ್ಣ ಇರುತ್ತೆ. ವಾಲ್ವಿಗೆ ಉಳಿಯೋದೆಷ್ಟು, ನೀವೇ ಲೆಕ್ಕ ಹಾಕಿ. ಜೊತೆಗೆ ನಿಮ್ಮೂರಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪುನೀರು ಚೂಡಿಗೆ ಹೋಗಿ ಕೂತರೆ ಎರಡು ಚಳಿಗಾಲ ಕಳೆಯೋಷ್ಟರಲ್ಲಿ ಎತ್ತರ ಹೊಂದಿಸೋ ಬಳೆ, ಕಾಲರ್, ಹಿಡ್ಕೊಂಡು ತಿರುಗಲ್ಲ. ಕೆಡಬ್ಲ್ಯುನವರು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡೋದು ಇದಕ್ಕೇ. ಎತ್ತರವನ್ನ ಒಮ್ಮೆ ಕೂರಿಸಿ ಮತ್ತೆ ಮುಟ್ಟದವರಿಗೆ ಚೂಡಿ ಯಾಕೆ ಬೇಕು, ಅಲ್ವಾ?

ಇನ್ನೊಂದು ವಾದ ನಿಮ್ಮ ಸ್ನೇಹಿತ ಮಾಡಿಯೇ ಇರ್ತಾನೆ: ಇಳಿಸಿದರೆ ಭಾರದ ಕೇಂದ್ರ ಇಳಿಯುತ್ತೆ, ತಿರುವಿನಲ್ಲಿ ಕಾರು ಕಮ್ಮಿ ವಾಲುತ್ತೆ. ಮೊದಲ ಅರ್ಧ ನಿಜ. ಈ ಕಾರಿನ ಬಾಕ್ಸರ್ ಎಂಜಿನ್ (ಸಿಲಿಂಡರ್‌ಗಳು ಅಡ್ಡ ಮಲಗಿರೋದು) ಮೊದಲೇ ತಗ್ಗಿನಲ್ಲಿ ಕೂತಿದೆ, ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರಿಗಿಂತ ಕಮ್ಮಿ. 25 ಮಿ.ಮೀ. ಇಳಿಸಿದರೆ ಸಿಗೋ ಲಾಭ ಶೇ. 5ರ ಆಸುಪಾಸು. ಎರಡನೇ ಅರ್ಧದಲ್ಲೇ ತೊಡಕು. ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದಲ್ಲಿ. ಕೆಳಗಿನ ಆರ್ಮ್ ಕಾರಿನ ಹೊಟ್ಟೆಯಿಂದ ಚಕ್ರದ ಕಡೆಗೆ ಚಾಚಿದ ತೋಳಿನ ಹಾಗೆ. ಕಾರಿನ ಮೈ ಇಳಿದಷ್ಟೂ ತೋಳಿನ ಒಳತುದಿ ಇಳಿಯುತ್ತೆ, ಚಕ್ರದ ಕಡೆ ತುದಿ ಇದ್ದಲ್ಲೇ ಇರುತ್ತೆ. ಜಾಸ್ತಿ ಇಳಿಸಿದರೆ ತೋಳು ಚಕ್ರದ ಕಡೆಗೆ ಮೇಲ್ಮುಖ ಆಗಿಬಿಡುತ್ತೆ. ಆಗ ರೋಲ್ ಸೆಂಟರ್, ಅಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತೋ ಆ ಬಿಂದು, ಭಾರದ ಕೇಂದ್ರಕ್ಕಿಂತ ಬೇಗ ಬೇಗ ಕೆಳಗೆ ಹೋಗುತ್ತೆ. ಎರಡರ ನಡುವಿನ ಅಂತರ ಹೆಚ್ಚಾದರೆ ವಾಲೋ ಬಲವೂ ಹೆಚ್ಚು. ಸ್ಪ್ರಿಂಗ್ ಅಷ್ಟೇ ಗಟ್ಟಿ ಇದ್ದರೆ ಇಳಿಸಿದ ಕಾರು ಮುಂಚೆಗಿಂತ ಜಾಸ್ತಿ ವಾಲಬಹುದು. ಅದನ್ನ ಸರಿ ಮಾಡೋಕೆ ಉದ್ದನೆ ಬಾಲ್ ಜಾಯಿಂಟ್, ಬೇರೆ ಟೈ ರಾಡ್ ಎಂಡ್ ಅಂತ ಮತ್ತೊಂದು ಪಟ್ಟಿ ಶುರುವಾಗುತ್ತೆ. ಒಂದು ಇಂಚಿನೊಳಗೆ ಇದ್ದರೆ ಆ ಪಟ್ಟಿ ಬೇಕಾಗಲ್ಲ. ಒಂದೂವರೆಗೆ ಹೋದರೆ ಬೇಕಾಗುತ್ತೆ. ನಿಮ್ಮ ಆ ಅರ್ಧ ಇಂಚಿನ ನಿಜವಾದ ಬೆಲೆ ಇದು.

ಅಲೈನ್‌ಮೆಂಟ್ ಬಗ್ಗೆ ಚೌಕಾಸಿ ಬೇಡ. ಹೊಸ ಸ್ಪ್ರಿಂಗ್ ಹಾಕಿ, ನೂರಿನ್ನೂರು ಮೈಲಿ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಮಾಡಿಸಿ. ಈ ಕಾರಿನ ಹಿಂದಿನ ಚಕ್ರ ಇಳಿಸಿದಷ್ಟೂ ಮೇಲ್ಭಾಗ ಒಳಕ್ಕೆ ವಾಲುತ್ತೆ, ನೆಗೆಟಿವ್ ಕ್ಯಾಂಬರ್. ಕಂಪನಿ ಕೊಟ್ಟ ಭಾಗಗಳಲ್ಲಿ ಹಿಂದೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು) ಮಾತ್ರ ಹೊಂದಿಸಬಹುದು, ಕ್ಯಾಂಬರ್ ಹೊಂದಿಸೋಕಾಗಲ್ಲ. ಅದಕ್ಕೆ ಬೇರೆ ಲೋಯರ್ ಆರ್ಮ್ ಬೇಕು. 20 ಮಿ.ಮೀ.ಗೆ ಅದು ಬೇಕಾಗಲ್ಲ ಅನ್ನೋದು ನನ್ನ ಅಭಿಪ್ರಾಯ. ಟೈರನ್ನ ಒಳಗಡೆಯಿಂದ ತಿನ್ನೋದು ಕ್ಯಾಂಬರಿಗಿಂತ ಜಾಸ್ತಿ ಕೆಟ್ಟ ಟೋ. ಟೋ ಸರಿ ಇದ್ದರೆ ಸ್ವಲ್ಪ ಕ್ಯಾಂಬರ್ ಇದ್ದರೂ ಟೈರ್ ಬಾಳುತ್ತೆ. ಅಲೈನ್‌ಮೆಂಟ್ ಆದ ಮೇಲೆ ಯಂತ್ರದ ಪರದೆಯಲ್ಲಿ "ಹಸಿರು ಬಂದಿದೆ" ಅಂತ ತೃಪ್ತಿಪಡಬೇಡಿ. ಪ್ರಿಂಟ್ ತಗೊಳ್ಳಿ, ಎಡಕ್ಕೂ ಬಲಕ್ಕೂ ಅಂಕಿ ಒಂದೇ ಥರ ಇದೆಯಾ ನೋಡಿ.

ಕೂರಿಸುವಾಗ ಒಂದು ತಪ್ಪು ನೂರಕ್ಕೆ ಅರವತ್ತು ಜನ ಮಾಡ್ತಾರೆ ಅಂತ ನನ್ನ ಗುಮಾನಿ. ಆರ್ಮ್‌ಗಳ ಕೀಲಿನಲ್ಲಿ ಕೂರೋ ಬುಶ್ ರಬ್ಬರಿನವು. ಬೋಲ್ಟ್ ಬಿಗಿ ಮಾಡಿದ ಸ್ಥಾನವೇ ಅದಕ್ಕೆ ವಿಶ್ರಾಂತಿಯ ಸ್ಥಾನ. ಕಾರು ಲಿಫ್ಟಿನ ಮೇಲೆ ಚಕ್ರ ಜೋತಾಡ್ತಾ ಇರುವಾಗಲೇ ಬಿಗಿ ಮಾಡಿದರೆ, ನೆಲಕ್ಕಿಳಿಸಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಬದುಕಬೇಕು. ನನ್ನ ಎರಡನೇ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೀಗೇ ಮಾಡಿದರು. ಕಾರು ಲೆಕ್ಕಕ್ಕಿಂತ ಎತ್ತರ ನಿಂತಿತ್ತು, ಸ್ಪ್ರಿಂಗ್ ಸರಿ ಇಲ್ಲ ಅಂತ ನಾನು ಅಂಗಡಿಯವನ ಜೊತೆ ಜಗಳ ಆಡಿದೆ. ವರ್ಷ ತುಂಬೋ ಮೊದಲೇ ಬುಶ್ ಹರಿಯಿತು. ಹಾಗಾಗಿ ಚಕ್ರದ ಮೇಲೆ ಭಾರ ಬಿದ್ದಿರುವಾಗಲೇ, ಇಲ್ಲವೇ ಆರ್ಮಿನ ಕೆಳಗೆ ಜಾಕ್ ಕೊಟ್ಟು ಓಡಾಟದ ಎತ್ತರಕ್ಕೆ ತಂದು, ಕೊನೆಯ ಬಿಗಿ ಕೊಡಿ ಅಂತ ಮೊದಲೇ ಹೇಳಿ. ಯಾಕೆ ಅಂತ ಕೇಳೋ ಗ್ಯಾರೇಜಾದರೆ ಬೇರೆ ಕಡೆ ಹೋಗಿ.

ವಾರಂಟಿಗೆ ಬರೋಣ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ. ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಅಂತ ಹೇಳೋ ಹಾಗಿಲ್ಲ. ಆ ಭಾಗದಿಂದಲೇ ಹಾಳಾಗಿದೆ ಅಂತ ಅವರು ತೋರಿಸಬೇಕು. ಸ್ಪ್ರಿಂಗ್ ಹಾಕಿದ್ದೀರಿ ಅಂತ ಗೇರ್‌ಬಾಕ್ಸ್ ವಾರಂಟಿ ಹೋಗಲ್ಲ. ಸ್ಟ್ರಟ್ ಮೌಂಟ್ ಸದ್ದು ಬಂದರೆ ಮಾತ್ರ ಡೀಲರ್ ಮುಖ ತಿರುಗಿಸ್ತಾರೆ, ಅವರ ಕಡೆಯಿಂದ ಅದು ಸರೀನೇ. ಹಳೇ ಸ್ಪ್ರಿಂಗ್, ಶಾಕ್ ಎರಡನ್ನೂ ಗ್ಯಾರೇಜಿನ ಮೂಲೆಯಲ್ಲಿ ಎತ್ತಿಡಿ.

ಇದಕ್ಕಿಂತ ಯಾರೂ ಕೇಳದ ವಿಷಯ ಒಂದಿದೆ. 2024ರಿಂದ ಮ್ಯಾನುಯಲ್ ಕಾರಿಗೂ ಗಾಜಿನ ಹಿಂದೆ ಐಸೈಟ್ ಕ್ಯಾಮೆರಾ ಜೋಡಿ ಬಂದಿದೆ. ಮುಂದಿನ ವಾಹನಕ್ಕೆ ಎಷ್ಟು ದೂರ ಅಂತ ಅಳೆದು ಬ್ರೇಕ್ ಹಾಕೋದು ಅದರ ಕೆಲಸ. ಆ ಲೆಕ್ಕ ಕಾರಿನ ಎತ್ತರವನ್ನ, ಮೂತಿ ಎಷ್ಟು ಬಾಗಿದೆ ಅನ್ನೋದನ್ನ ನಂಬಿಕೊಂಡಿದೆ. ಸಸ್ಪೆನ್ಷನ್ ಬದಲಿಸಬೇಡಿ ಅಂತ ಕೈಪಿಡಿಯೇ ಎಚ್ಚರಿಸುತ್ತೆ. ಮುಂದೆ ಹಿಂದೆ ಒಂದೇ ಸಮ 20 ಮಿ.ಮೀ. ಇಳಿಸೋದು ಬೇರೆ, ಮೂತಿ ಮಾತ್ರ 40 ಇಳಿಸೋದು ಬೇರೆ. ನಾನು ಸಮ ಇಳಿತದ ಸ್ಪ್ರಿಂಗನ್ನೇ ಆರಿಸ್ತೀನಿ ಅನ್ನೋದಕ್ಕೆ ಇದೂ ಒಂದು ಕಾರಣ.

ಟೈರಿನ ಮಾತು. ನಿಮ್ಮ 215/40 ಆರ್18 ಟೈರಿನ ಗೋಡೆ ಎತ್ತರ 215ರ ಶೇ. 40, ಅಂದರೆ ಸರಿಯಾಗಿ 86 ಮಿ.ಮೀ. ಕಾರಿನ ಹೆಸರೂ 86! ಇದು ಬೇಸಿಗೆ ಟೈರ್, ನಿಮ್ಮ ಚಳಿಗೆ ಆಗಲ್ಲ. ಹೇಗೂ ಚಳಿಗಾಲದ ಟೈರ್ ಬೇರೆ ತಗೊಳ್ಳಬೇಕು, ಅದನ್ನ 17 ಇಂಚಿನ ಚಕ್ರಕ್ಕೆ, 215/45ರಲ್ಲಿ ತಗೊಳ್ಳಿ. ಹೊರಗಿನ ವ್ಯಾಸ ಬಹುತೇಕ ಅಷ್ಟೇ, ಗೋಡೆ 97 ಮಿ.ಮೀ. ಆ 11 ಮಿ.ಮೀ. ರಬ್ಬರು ಗುಂಡಿಯಲ್ಲಿ ರಿಮ್ಮನ್ನ ಉಳಿಸುತ್ತೆ. ಕಾರಿನ ಹೊಟ್ಟೆಗೂ ನೆಲಕ್ಕೂ ಈಗ ಇರೋದು ಸುಮಾರು 5.1 ಇಂಚು. ಒಂದೂವರೆ ಕಳೆದರೆ 3.6. ಹಿಮ ತಳ್ಳೋ ಗಾಡಿ ನಿಮ್ಮ ಡ್ರೈವ್‌ವೇ ಬಾಯಿಗೆ ಬಿಟ್ಟುಹೋಗೋ ದಿಬ್ಬ ಎಷ್ಟು ಎತ್ತರ ಇರುತ್ತೆ ಅಂತ ನನಗಿಂತ ನಿಮಗೇ ಗೊತ್ತು.

ನಿಮ್ಮ ತಮ್ಮನಿಗೆ: ಬೇಡ ಅಂತ ಹೇಳಿ. ರಸ್ತೆಗಳ ಮಾನದಂಡ ರೂಪಿಸೋ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿ ಪ್ರಕಾರ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಎರಡೂವರೆ ಮೀಟರ್ ವೀಲ್‌ಬೇಸಿನ (ಮುಂದಿನ ಹಿಂದಿನ ಚಕ್ರಗಳ ಅಂತರದ) ಕಾರು ಇಂಥದ್ದರ ಮೇಲೆ ನಿಂತರೆ ಹೊಟ್ಟೆಯ ಕಡೆಗೆ ಹಂಪ್ ಏರೋದು 46 ಮಿ.ಮೀ. ಮಾತ್ರ. ಇಳಿಸಿದ ಕಾರೂ ದಾಟುತ್ತೆ. ಆದರೆ ಬಡಾವಣೆಯವರು ಒಂದು ರಾತ್ರಿಯಲ್ಲಿ ಹಾಕೋ ಒಂದು ಮೀಟರ್ ಅಗಲದ ದಿಂಡು ಎರಡು ಚಕ್ರಗಳ ನಡುವೆ ಪೂರ್ತಿ ಕೂರುತ್ತೆ. ಅದರ ಇಡೀ ಎತ್ತರ ಚೇಂಬರಿನ ಲೆಕ್ಕಕ್ಕೆ. ಕಾನೂನೂ ಅವನ ಕಡೆ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಮಾರ್ಪಾಡು ಮಾಡೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿದಿದೆ. ಎತ್ತರ ಆರ್‌ಸಿಯಲ್ಲಿ ಬರೆದಿರಲ್ವಲ್ಲ ಅಂತ ವಾದ ಮಾಡಬಹುದು. ಆ ವಾದವನ್ನ ರಸ್ತೆ ಬದಿ ನಿಂತು, ಆಮೇಲೆ ಇನ್ಶೂರೆನ್ಸಿನವರ ಮುಂದೆ ಕೂತು ಮಾಡೋ ಪುರುಸೊತ್ತು ಅವನಿಗಿದೆಯಾ ಕೇಳಿ.

ನಿಮ್ಮ ಮಟ್ಟಿಗೆ, ಈಗ 17 ಇಂಚಿನ ಚಕ್ರಕ್ಕೆ ಚಳಿಗಾಲದ ಟೈರ್ ಕೊಳ್ಳಿ. ಏಪ್ರಿಲ್ಲಿನಲ್ಲಿ ಝಿಪ್ ಟೈ ನೋಡಿ ಸ್ಪ್ರಿಂಗ್ ಮತ್ತು ಗಿಡ್ಡ ಡ್ಯಾಂಪರ್ ಆರಿಸಿ. ಬಿಚ್ಚೋ ಮೊದಲು ನಾಲ್ಕೂ ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಅಳತೆ ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಮ್ಮಿಯಾದರೆ ಲೆಕ್ಕ ತಪ್ಪುತ್ತೆ. ಝಿಪ್ ಟೈಯನ್ನ ಹಿಂದಿನ ಶಾಕಿಗೂ ಕಟ್ಟೋದು ಮರೀಬೇಡಿ. ಹೆಂಡತಿ ಜೊತೆ ಲಾಂಗ್ ಡ್ರೈವ್ ಹೊರಟು ಡಿಕ್ಕಿ ತುಂಬ ಲಗೇಜ್ ಹಾಕಿದ ದಿನ ಹಿಂದಿನ ಅಳತೆ ಬೇರೇನೇ ಬರುತ್ತೆ, ಸ್ಪ್ರಿಂಗ್ ಆರಿಸಬೇಕಾದ್ದು ಆ ದಿನದ ಅಳತೆ ನೋಡಿ.